ಗೋಡೆಯ ಹೊರಗಿನ ಕೂಗು

14, ಟ್ಯಾನರಿ ಲೇನ್,
ಆಕರ್ಸ್ಲಿ, ಲ್ಯಾಂಕಷೈರ್
ಭಾನುವಾರ, 8 ಮಾರ್ಚ್ 1987

ಪ್ರೀತಿಯ ತಮ್ಮ ವಿಲ್ಫ್ರೆಡ್‌ಗೆ,

ನನ್ನ ಸೊಂಟದ ಮೂಳೆ ಮುರಿದಿಲ್ಲ. ನಮ್ಮ ಅಕ್ಕನ ಮಗ ರೋಲಂಡ್ ನಿನಗೆ ಹಾಗೆ ಬರೆದಿದ್ದಾನೆ. ಅವನ ಪತ್ರದಲ್ಲಿ ತಿದ್ದಬೇಕಾದ ತಪ್ಪುಗಳಲ್ಲಿ ಅದು ಮೊದಲನೆಯದು, ಆದರೆ ದೊಡ್ಡದಲ್ಲ. ಮಂಜಿನ ಮೇಲೆ ಕಾಲು ಜಾರಿದ್ದು ನಿಜ, ಒಂದು ವಾರ ಕುಂಟಿದ್ದು ನಿಜ. ಈಗ ಮೊದಲಿನಂತೆಯೇ ನಡೆಯುತ್ತಿದ್ದೇನೆ. ನಿನ್ನ ಮೊಣಕಾಲು ಹೇಗಿದೆ? ವೈದ್ಯರು ಹೇಳಿದ ವ್ಯಾಯಾಮವನ್ನು ಮಾಡುತ್ತಿದ್ದೀಯೋ, ಅಥವಾ ಮಾಡುತ್ತಿರುವುದಾಗಿ ಜೋನ್‌ಗೆ ಹೇಳುತ್ತಿದ್ದೀಯೋ? ಅಡಿಲೇಡಿನ ಒಣ ಹವೆಯಲ್ಲಿ ಅವಳ ಉಬ್ಬಸ ಕಡಿಮೆಯಾಗಿದೆಯೆಂದು ಓದಿ ಸಮಾಧಾನವಾಯಿತು. ಇಲ್ಲಿಯ ಹವೆಯ ವಿಷಯವನ್ನು ಕೇಳಬೇಡ. ಈ ಪತ್ರದ ತುಂಬ ಅದೇ ಇದೆ.

ರೋಲಂಡನ ಪತ್ರದ ಪ್ರತಿಯನ್ನು ನನಗೆ ಕಳುಹಿಸಿ ಒಳ್ಳೆಯದು ಮಾಡಿದೆ. ಫೆಬ್ರವರಿ ಹದಿನಾಲ್ಕರ ಪಂದ್ಯದ ಬಗ್ಗೆ ಅವನು ಬರೆದದ್ದು ಇಷ್ಟು: ರಾಥ್ವಿಕ್ ತಂಡದ ಎದುರಿನ ಪಂದ್ಯಕ್ಕೆ ನಮ್ಮೂರಿನವರು ಯಾರೂ ಬರಲಿಲ್ಲ, ನಮ್ಮ ತಂಡ ಗೋಲು ಹೊಡೆದಾಗ ಯಾರೂ ಕೂಗಲಿಲ್ಲ, ಈ ಕ್ಲಬ್ಬಿನ ಬಗ್ಗೆ ಕಾಳಜಿಯುಳ್ಳವರು ಈಗ ಊರಿನಲ್ಲಿ ಯಾರೂ ಉಳಿದಿಲ್ಲ. ಮೂರು ವಾಕ್ಯ, ಮೂರು ಬಾರಿ ‘ಯಾರೂ’. ಮೊದಲು ಎಣಿಸಿ ಆಮೇಲೆ ಬಳಸಬೇಕಾದ ಪದವದು ಎಂದು ನಾನು ತರಗತಿಯಲ್ಲಿ ಎಷ್ಟು ಸಲ ಹೇಳಿದ್ದೇನೋ. ಅವನೂ ಆ ತರಗತಿಯಲ್ಲಿ ಕುಳಿತಿದ್ದವನೇ. ಅದನ್ನು ನಂಬಿ ನೀನು, ‘ಅಕ್ಕಾ, ಯಾರಿಗೂ ಬೇಡದ ಮೈದಾನವನ್ನು ನಾವೇಕೆ ಹಿಡಿದುಕೊಂಡು ಕೂರಬೇಕು? ಮಾರಿಬಿಡೋಣ’ ಎಂದು ಬರೆದಿದ್ದೀಯೆ. ನಿನ್ನ ಪ್ರಶ್ನೆ ನ್ಯಾಯವಾದದ್ದೇ. ಕ್ಲಬ್ಬಿಗೆ ದಿಕ್ಕಿಲ್ಲದ ವರ್ಷದಲ್ಲಿ ಅಪ್ಪ ಮಾಂಸದಂಗಡಿಯ ಉಳಿತಾಯದಿಂದ ಆ ಮೈದಾನವನ್ನು ಕೊಂಡು, ವರ್ಷಕ್ಕೊಂದು ಪೌಂಡ್ ಮತ್ತು ಕ್ರಿಸ್ಮಸ್‌ಗೊಂದು ಮಾಂಸ ತುಂಬಿದ ಪೈ ಎಂಬ ಬಾಡಿಗೆಗೆ ಅವರಿಗೇ ಬಿಟ್ಟುಕೊಟ್ಟದ್ದು, ಅಲ್ಲಿ ಜನ ನಿಲ್ಲಲಿ ಎಂದು. ಜನರೇ ಇಲ್ಲವಾದರೆ ಗೃಹನಿರ್ಮಾಣ ಕಂಪನಿಯವರು ಅಲ್ಲಿ ಅರುವತ್ತು ಮನೆ ಕಟ್ಟುವುದಕ್ಕೆ ನನ್ನ ಆಕ್ಷೇಪವೂ ಇರುತ್ತಿರಲಿಲ್ಲ. ಆದ್ದರಿಂದ ಆ ದಿನ ನಡೆದದ್ದನ್ನು ನಡೆದಂತೆಯೇ ಬರೆಯುತ್ತೇನೆ.

ಕ್ಲಬ್ಬಿನ ಸ್ಥಿತಿ ನಿನಗೆ ಗೊತ್ತಿರುವುದಕ್ಕಿಂತ ಕೆಟ್ಟದಾಗಿತ್ತು. ಫುಟ್‌ಬಾಲ್ ಲೀಗಿನ ನಾಲ್ಕನೆಯ ವಿಭಾಗದಲ್ಲಿ ನಮ್ಮದು ಕೊನೆಯಿಂದ ಎರಡನೆಯ ಸ್ಥಾನ. ಕೊನೆಯವರು ಈ ವರ್ಷದಿಂದ ಲೀಗಿನಿಂದಲೇ ಹೊರಬೀಳುತ್ತಾರೆ. ಹಿಂದಿನಂತೆ ಉಳಿದ ಕ್ಲಬ್ಬುಗಳ ಮುಂದೆ ಕೈಮುಗಿದು ಮತ ಬೇಡುವ ವ್ಯವಸ್ಥೆ ಈಗಿಲ್ಲ. ಕ್ರಿಸ್ಮಸ್ ನಂತರ ಆಟಗಾರರಿಗೆ ಸಂಬಳವಾಗಿರಲಿಲ್ಲ. ಗೋಲ್‌ಕೀಪರ್ ಟೆರೆನ್ಸ್ ಹೋಲ್ಡನ್ ಬೆಳಿಗ್ಗೆ ಹೊತ್ತು ಅಧ್ಯಕ್ಷ ಲೆನ್ ಕ್ಲೆಗ್‌ನ ಕಲ್ಲಿದ್ದಲ ಲಾರಿ ಓಡಿಸುತ್ತಿದ್ದ; ಅವನ ಕೈಗವಸು ಕರಿಯಾಗಿರುವುದಕ್ಕೆ ಎದುರಾಳಿಗಳು ಹಾಡು ಕಟ್ಟಿದ್ದರು. ತೆರಿಗೆ ಇಲಾಖೆಯವರು ಕ್ಲಬ್ಬನ್ನು ಮುಚ್ಚಿಸಲು ನ್ಯಾಯಾಲಯಕ್ಕೆ ಹೋಗಿದ್ದರು. ವಿಚಾರಣೆ ಬುಧವಾರ ಹದಿನೆಂಟಕ್ಕೆ. ಅದಕ್ಕೆ ಮೊದಲು ಉಳಿದಿದ್ದ ಆದಾಯವೆಂದರೆ ಆ ಶನಿವಾರದ ಪಂದ್ಯವೊಂದೇ. ರಾಥ್ವಿಕ್‌ನವರು ಪಟ್ಟಿಯ ತುದಿಯಲ್ಲಿದ್ದುದರಿಂದ ಅವರ ಸಾವಿರಕ್ಕೂ ಮೇಲ್ಪಟ್ಟು ಜನ ರೈಲಿನಲ್ಲಿ ಬರುವವರಿದ್ದರು. ಹುಟ್ಟಿದಂದಿನಿಂದ ದ್ವೇಷಿಸಿಕೊಂಡು ಬಂದ ಊರಿನ ಹಣದಿಂದಲೇ ನಮ್ಮ ಜೀವ ಉಳಿಯಬೇಕಾಗಿತ್ತು.

ಶುಕ್ರವಾರ ಮಂಜು ಸುರಿಯಿತು. ಪಂದ್ಯ ಮುಂದೂಡಿದರೆ ಬುಧವಾರಕ್ಕೆ ಕೈಯಲ್ಲಿ ಏನೂ ಇರುವುದಿಲ್ಲವೆಂದು, ಮೈದಾನ ನೋಡಿಕೊಳ್ಳುವ ಆರ್ನಲ್ಡ್ ಎಂಟ್ವಿಸಲ್ ಮನೆಮನೆಗೂ ಹೇಳಿಕಳಿಸಿದ. ಶನಿವಾರ ಬೆಳಗಾಗುವಷ್ಟರಲ್ಲಿ ನಾನೂರು ಜನ ಸೇರಿದ್ದರು: ಸಲಿಕೆ, ಕಲ್ಲಿದ್ದಲ ಬುಟ್ಟಿ, ಬಾಗಿಲ ಹಲಗೆ, ಏನು ಸಿಕ್ಕಿತೋ ಅದನ್ನು ಹಿಡಿದು. ನಾನು ಒಲೆಯ ದೊಡ್ಡ ತಟ್ಟೆಯನ್ನು ಒಯ್ದಿದ್ದೆ. ತೆಗೆದ ಮಂಜನ್ನು ಗೋಡೆಯಾಚೆ ಲೇನಿಗೆ ಹಾಕಬೇಕೆಂದು ಆರ್ನಲ್ಡ್ ಸ್ಪಷ್ಟವಾಗಿ ಹೇಳಿದ್ದ. ಪೈ ಅಂಗಡಿಯ ಹಿಲ್ಡಾ ಶಾರ್ಪಲ್ಸ್ ಕೇಳಬೇಕಲ್ಲ! “ಲೇನಿಗ್ಯಾಕೆ ಹೊರೋದು? ಆ ರಾಥ್ವಿಕ್ ನನ್ಮಕ್ಳು ನಿಂತ್ಕೊಳ್ಳೋ ಮೆಟ್ಲು ಇಲ್ವಾ? ಅಲ್ಲಿಗೇ ಸುರೀರಿ. ಬುಡ ತಣ್ಣಗಾಗ್ಲಿ ಅವ್ರಿಗೆ!” ಎಂದಳು. ಆ ಮಾತಿಗೆ ನಾನೂರು ಜನರೂ ನಕ್ಕರು, ನಾನೂರು ಜನರೂ ಅದನ್ನೇ ಮಾಡಿದರು. ಸುರಿದದ್ದಷ್ಟೇ ಅಲ್ಲ, ಕುಣಿಕುಣಿದು ತುಳಿದರು. ಆ ಕಡೆ ಬಿಸಿಲು ಬೀಳುವುದಿಲ್ಲ. ಹತ್ತು ಗಂಟೆಗೆ ರೆಫರಿ ಬಂದು, ಮೈದಾನವನ್ನು ಮೆಟ್ಟಿ ನೋಡಿ, ಪಂದ್ಯ ನಡೆಯಲಿ ಎಂದ. ಟೋಪಿಗಳು ಹಾರಿದವು.

ಆಮೇಲೆ ಪೊಲೀಸ್ ಸಾರ್ಜೆಂಟ್ ಡಕ್‌ವರ್ತ್ ಬಂದ. ಅವನಿಗೆ ಭಾಗಾಕಾರ ಕಲಿಸಿದವಳು ನಾನು. ನಿಧಾನ, ಆದರೆ ಉತ್ತರ ತಪ್ಪುತ್ತಿರಲಿಲ್ಲ. ಅವನು ಎದುರಾಳಿಗಳ ಮೆಟ್ಟಿಲ ಬುಡದಲ್ಲಿ ನಿಂತು, ಕಲ್ಲಿನಂತಾಗಿದ್ದ ಮಂಜನ್ನು ಬೂಟಿನಿಂದ ಒದ್ದು ನೋಡಿ, “ಮಿಸ್, ಈ ಮೆಟ್ಲ ಮೇಲೆ ಒಂದು ಬೆಕ್ಕನ್ನೂ ನಾನು ಬಿಡಲ್ಲ” ಎಂದ. ನಾನು ಜಾರಿ ಬಿದ್ದದ್ದು ಅದೇ ಗಳಿಗೆಯಲ್ಲಿ, ಅವನ ಮಾತು ತಪ್ಪೆಂದು ತೋರಿಸಲು ಹೋಗಿ. ಎರಡು ವರ್ಷದ ಹಿಂದೆ ಪಕ್ಕದ ಸೀಮೆಯ ಮೈದಾನದಲ್ಲಿ ಬೆಂಕಿ ಬಿದ್ದು ಅಷ್ಟು ಜನ ಪ್ರೇಕ್ಷಕರು ಸತ್ತ ಮೇಲೆ ಇಂಥ ವಿಷಯದಲ್ಲಿ ಚೌಕಾಸಿ ಇಲ್ಲ, ಇರಲೂ ಬಾರದು. ಉಪ್ಪು ಹಾಕಿದರು, ಗುದ್ದಲಿಯಲ್ಲಿ ಕಡಿದರು, ಪ್ರಯೋಜನವಾಗಲಿಲ್ಲ. ಲೆನ್ ಕ್ಲೆಗ್ ಹಿಲ್ಡಾಳ ಕಡೆ ತಿರುಗಿ, “ಅವ್ರ ಸಾವಿರ ಜನಾನ ಬಾಗಿಲಿಂದ ವಾಪಸ್ ಕಳಿಸಿ, ಬುಧವಾರ ಕೋರ್ಟಿಗೆ ನಾನೇನ್ ತಗೊಂಡ್ ಹೋಗ್ಲವ್ವಾ? ಕಲ್ಲಿದ್ಲಾ?” ಎಂದ. ಅವಳು ಪಕ್ಕದವನ ಗುದ್ದಲಿ ಕಿತ್ತುಕೊಂಡು ತಾನೇ ಕಡಿಯತೊಡಗಿದಳು.

ಉಳಿದದ್ದು ನಮ್ಮವರು ನಿಲ್ಲುವ, ಲೇನಿನ ಕಡೆಯ ಛಾವಣಿ ಹಾಕಿದ ಮೆಟ್ಟಿಲುಗಳು ಮಾತ್ರ. ಎರಡು ಊರಿನವರನ್ನು ಒಂದೇ ಛಾವಣಿಯ ಕೆಳಗೆ ಸೇರಿಸಲು ಸಾರ್ಜೆಂಟ್ ಒಪ್ಪುವಂತಿರಲಿಲ್ಲ: ಪೂರ್ತಿ ನಾವು, ಇಲ್ಲವೇ ಪೂರ್ತಿ ಅವರು. ನಮ್ಮಲ್ಲಿ ಹೆಚ್ಚಿನವರು ಇಡೀ ವರ್ಷದ ಟಿಕೆಟ್ಟಿನ ಹಣವನ್ನು ಆಗಸ್ಟ್‌ನಲ್ಲೇ ಕೊಟ್ಟವರು. ಆ ಹಣ ಆಗಸ್ಟ್‌ನಲ್ಲೇ ಖರ್ಚಾಗಿತ್ತು. ಅವರದು ಬಾಗಿಲಲ್ಲಿ ಕೊಡುವ ನಗದು. ಲೆಕ್ಕ ಎಲ್ಲರಿಗೂ ಒಟ್ಟಿಗೇ ಅರ್ಥವಾಯಿತು. ಬಾಯಿಬಿಟ್ಟು ಹೇಳಿದವಳು ಹಿಲ್ಡಾ. “ಮಾಡಿದ್ದು ನಾನು. ನಾನು ಆಚೆ ನಿಲ್ತೀನಿ. ನಮ್ ಜಾಗ ಕೊಡೋಣ ಬಿಡ್ರಿ.” ಆರ್ನಲ್ಡ್‌ಗೆ ಅದನ್ನು ಸಹಿಸಲಾಗಲಿಲ್ಲ. “ರಾಥ್ವಿಕ್‌ನವ್ರು ನಮ್ ಛಾವಣಿ ಕೆಳಗಾ? ನಮ್ಮಪ್ಪ ಗೋರಿಯಿಂದ ಎದ್ದು ಬರ್ತಾನೆ, ನೋಡ್ತಿರು.” ಹಿಲ್ಡಾ ಅಷ್ಟರಲ್ಲಿ ಚೇತರಿಸಿಕೊಂಡಿದ್ದಳು. “ಬರ್ಲಿ. ಅವನ ಕೈಗೂ ಒಂದು ಸಲಿಕೆ ಕೊಡು.”

ಹೀಗೆ, ವಿಲ್ಫ್ರೆಡ್, ಬೆಳಗಿನಿಂದ ಬೆನ್ನು ಬಗ್ಗಿಸಿ ಮೈದಾನ ಸಿದ್ಧಪಡಿಸಿದವರು ಪಂದ್ಯ ನೋಡಲಿಲ್ಲ. ವರ್ಷದ ಟಿಕೆಟ್ಟಿಲ್ಲದವರು ಬಾಗಿಲಿಗೆ ಬಂದು, ಹಣ ಕೊಟ್ಟು, ಒಳಗೆ ಹೋಗದೆ ತಿರುಗಿದರು. ಬಾಗಿಲು ಕಾಯುವ ಸಿರಿಲ್ ನಟಾಲ್, “ಅಯ್ಯಾ, ದುಡ್ಡು ಕೊಟ್ಟು ಆ ಕಡೆ ಎಲ್ಲಿಗೆ?” ಎಂದು ಕೇಳಿದರೆ, “ನಮ್ ದುಡ್ಡು ಒಳಗ್ ಹೋಯ್ತಲ್ಲ, ಸಾಕು” ಎಂದರು. ಎಲ್ಲರೂ ನಮ್ಮ ಲೇನಿನಲ್ಲಿ, ಗೋಡೆಗೂ ನನ್ನ ಕಿಟಕಿಗೂ ನಡುವೆ ನಿಂತರು. ನಾನು ಕಿಟಕಿಯಿಂದ ಚಹಾ ಕೊಡುತ್ತಿದ್ದೆ. ಕಪ್ಪುಗಳು ಮುಗಿದ ಮೇಲೆ ಜಾಮ್ ಶೀಸೆಗಳಲ್ಲಿ ಕೊಟ್ಟೆ. ಅವೂ ಮುಗಿದ ಮೇಲೆ ನಾನೂ ಹೊರಗೆ ಬಂದು ನಿಂತೆ. ರೋಲಂಡ್ ಇದ್ದದ್ದು ಮೈದಾನದ ಆಚೆ ಬದಿಯಲ್ಲಿ, ಗಾಜಿನ ಹಿಂದಿನ ಬೆಚ್ಚನೆಯ ಕೋಣೆಯಲ್ಲಿ, ಗೃಹನಿರ್ಮಾಣ ಕಂಪನಿಯ ಅತಿಥಿಯಾಗಿ. ಸ್ಟೇಷನ್ ರಸ್ತೆಯಿಂದ ಕಾರಿನಲ್ಲಿ ಬಂದ, ಕಾರಿನಲ್ಲೇ ಹೋದ. ಅವನು ಕಂಡದ್ದು ಸುಳ್ಳಲ್ಲ. ಛಾವಣಿಯ ತುಂಬ ರಾಥ್ವಿಕ್‌ನವರೇ ಇದ್ದರು.

ಗೋಡೆಯ ಹೊರಗಿನಿಂದ ಪಂದ್ಯ ಕೇಳುವುದು ನಿನಗೆ ಹೊಸದಲ್ಲ. ಕಾಸಿಲ್ಲದ ದಿನಗಳಲ್ಲಿ ನೀನು ನನ್ನ ಮನೆಯೆದುರಿನ ದೀಪದ ಕಂಬ ಹತ್ತಿ, ಕಂಡದ್ದನ್ನೆಲ್ಲ ಕೆಳಗಿದ್ದ ನನಗೆ ಕೂಗಿ ಹೇಳುತ್ತಿದ್ದೆ. ಆದರೆ ಆಗ ಒಳಗೆ ಕೂಗುತ್ತಿದ್ದವರು ನಮ್ಮವರು. ಈಗ ಎಲ್ಲವೂ ತಲೆಕೆಳಗು. ಒಳಗೆ ಆರ್ಭಟವೆದ್ದರೆ ನಾವು ತಲೆ ತಗ್ಗಿಸಬೇಕು. ಮೊದಲರ್ಧದಲ್ಲಿ ಒಮ್ಮೆ ತಗ್ಗಿಸಿದೆವು. ಆಮೇಲೆ ಬಹಳ ಹೊತ್ತು ಅವರ ಹಾಡು. ಕತ್ತಲಾಗುತ್ತ ಬಂದು ದೀಪ ಹತ್ತಿದಾಗ, ಆ ಹಾಡು ನಡುಪದದಲ್ಲೇ ನಿಂತಿತು. ಸಾವಿರ ಜನರ ಮೌನವನ್ನು ನೀನು ಎಂದಾದರೂ ಕೇಳಿದ್ದೀಯಾ? ಹಿಲ್ಡಾ ನನ್ನ ತೋಳು ಹಿಡಿದು, “ಏನಾಯ್ತೇ ಅವ್ರಿಗೆ? ಎಲ್ಲಾ ಸತ್ತೋದ್ರಾ?” ಎಂದು ಪಿಸುಗುಟ್ಟಿದಳು. ಛಾವಣಿಯ ಹಿಂಬದಿಯ ಕಿಂಡಿಯಲ್ಲಿ ರಾಥ್ವಿಕ್‌ನ ಕೆಂಪು ಟೋಪಿಯವನೊಬ್ಬ ಮುಖ ಹೊರಹಾಕಿ ನಮ್ಮನ್ನು ನೋಡಿದ. ನಮ್ಮ ಗುಂಪನ್ನು ಕಂಡು ಅವನಿಗೆ ಏನನ್ನಿಸಿತೋ. “ಹೂಂ ಕಣ್ರೋ, ನಿಮ್ದೇ ಗೋಲು! ಬಾಯಿ ಬಡ್ಕೊಳ್ಳಿ!” ಎಂದು ಕೂಗಿದ.

ಬಡಿದುಕೊಂಡೆವು. ನನ್ನ ಕಿಟಕಿಯ ಗಾಜು ಅದುರಿತು. ಪಂದ್ಯ ಒಂದು–ಒಂದರಲ್ಲಿ ಮುಗಿದ ಮೇಲೆ ಟೆರೆನ್ಸ್ ಹೋಲ್ಡನ್ ಆಟದ ಬೂಟಿನಲ್ಲೇ ಲೇನಿಗೆ ಬಂದು ಹೇಳಿದ: “ಮೈದಾನದೊಳಗೆ ಒಬ್ಬರೂ ಕೂಗ್ಲಿಲ್ಲ ಮಿಸ್, ಗೋಡೆ ಕೂಗ್ತು. ನಾವೆಲ್ಲ ಗೋಡೆ ಕಡೆ ತಿರುಗಿ ಚಪ್ಪಾಳೆ ತಟ್ಟಿದ್ವಿ. ರೆಫರಿ ನಮಗೆ ತಲೆ ಕೆಟ್ಟಿದೆ ಅಂದ್ಕೊಂಡ.” ಮರುದಿನ ಊಟಕ್ಕೆ ಬಂದ ರೋಲಂಡನನ್ನು ನಾನು ವಿಚಾರಿಸಿದೆ. ಆ ಹೊತ್ತಿಗೆ ಗೂಡ್ಸ್ ರೈಲು ಹೋದ ಸದ್ದು ಕೇಳಿಸಿತಂತೆ. ಶನಿವಾರ ಸಂಜೆ ಆ ಹಳಿಯ ಮೇಲೆ ಗೂಡ್ಸ್ ರೈಲು ಇಲ್ಲ.

ಕ್ಲಬ್ಬು ಉಳಿಯಿತೆಂದು ನಾನು ಬರೆಯುತ್ತಿಲ್ಲ, ಅದೂ ತಪ್ಪಾಗುತ್ತದೆ. ಬುಧವಾರ ಲೆನ್ ಕ್ಲೆಗ್ ಬಾಗಿಲಿನ ಹಣವನ್ನು ಕಟ್ಟಿದ. ನ್ಯಾಯಾಧೀಶರು ಮೇ ತಿಂಗಳವರೆಗೆ ಅವಕಾಶ ಕೊಟ್ಟಿದ್ದಾರೆ. ಸಂಬಳದಲ್ಲಿ ಅರ್ಧ ಬಂದಿದೆ. ನಾವು ಇನ್ನೂ ಕೊನೆಯಿಂದ ಎರಡನೆಯವರೇ. ನಿನ್ನೆ ಮತ್ತೆ ಸೋತೆವು. ಹಿಲ್ಡಾಳಿಗೆ ಈಗ ಊರಿನಲ್ಲಿ ‘ಮಂಜಿನ ರಾಣಿ’ ಎಂದು ಹೆಸರು. ಹಾಗೆ ಕರೆದವರಿಗೆ ಅವಳು ತಣ್ಣಗಿನ ಪೈ ಕೊಡುತ್ತಾಳೆ.

ಜೋನ್‌ಗೆ ನನ್ನ ಪ್ರೀತಿ ತಿಳಿಸು. ಮೊಣಕಾಲಿಗೆ ಉಣ್ಣೆಯ ಪಟ್ಟಿ ಹೆಣೆದಿಟ್ಟಿದ್ದೇನೆ. ಬೇರೆ ಅಂಚೆಯಲ್ಲಿ ಬರುತ್ತದೆ, ಧರಿಸು. ದೇವರು ನಿಮ್ಮಿಬ್ಬರನ್ನೂ ನೆಟ್ಟಗಿಟ್ಟಿರಲಿ.

ನಿನ್ನ ಅಕ್ಕ,
ಮ್ಯೂರಿಯಲ್ ಆಸ್ಪಿನಾಲ್

ಮರೆತ ಮಾತು, ಸೋಮವಾರ ಬೆಳಿಗ್ಗೆ: ಅಂಚೆಯವನು ಬರುವ ಹೊತ್ತಾಗಿದೆ. ಕಂಪನಿಯ ಕರಾರುಪತ್ರವನ್ನು ಸಹಿ ಹಾಕದೆ ಹಿಂತಿರುಗಿಸುತ್ತಿದ್ದೇನೆ. ನಿನ್ನ ಅರ್ಧವನ್ನು ಮಾರಲು ನನ್ನ ಒಪ್ಪಿಗೆ ಬೇಕಂತೆ. ಕೆಳಗಿನದನ್ನು ಓದಿದ ಮೇಲೂ ನೀನು ಕೇಳಿದರೆ ಸಹಿ ಹಾಕುತ್ತೇನೆ, ಇದು ನಾನು ಕೊಡುವ ಮಾತು. ಫೆಬ್ರವರಿ ಹದಿನಾಲ್ಕರಂದು ಟ್ಯಾನರಿ ಲೇನಿನಲ್ಲಿ ಇದ್ದವರು, ನನ್ನ ಕಣ್ಣಿಗೆ ಬಿದ್ದಷ್ಟು: ಹಿಲ್ಡಾ ಶಾರ್ಪಲ್ಸ್. ಆರ್ನಲ್ಡ್ ಎಂಟ್ವಿಸಲ್, ಅಪ್ಪನ ಟೋಪಿ ಧರಿಸಿ. ನಿನ್ನೊಡನೆ ಗಿರಣಿಯಲ್ಲಿದ್ದ ಹೆರಾಲ್ಡ್ ಗ್ರೀನ್‌ಹಾಲ್ಗ್, ಗಾಲಿಕುರ್ಚಿಯಲ್ಲಿ. ಅವನ ಹೆಂಡತಿ ಎಲ್ಸಿ. ಪಾದ್ರಿ ಮಿಸ್ಟರ್ ಪಿಲಿಂಗ್. ಮೂಲೆಯಂಗಡಿಯ ಇಕ್ಬಾಲ್ ಮಲಿಕ್, ಅವನ ಇಬ್ಬರು ತಮ್ಮಂದಿರು ಜಮೀಲ್ ಮತ್ತು ತಾರಿಕ್. ದಾದಿ ಬ್ರಿಜೆಟ್ ಫಾಯ್, ರಾತ್ರಿ ಪಾಳಿ ಮುಗಿಸಿ ಮಲಗದೆ. ಕ್ಲಿಫರ್ಡ್ ಮತ್ತು ಸ್ಟಾನ್ಲಿ ರಾಂಸ್‌ಬಾಟಮ್, ಹನ್ನೊಂದು ವರ್ಷದಿಂದ ಮಾತು ಬಿಟ್ಟಿದ್ದ ಅಣ್ಣತಮ್ಮಂದಿರು, ಒಂದೇ ಜಾಮ್ ಶೀಸೆಯಲ್ಲಿ ಚಹಾ ಕುಡಿಯುತ್ತ. ಸಾರ್ಜೆಂಟ್ ಡಕ್‌ವರ್ತ್, ಕರ್ತವ್ಯದ ಮೇಲೆ ಎಂದು ಹೇಳಿಕೊಂಡು. ಸಿರಿಲ್ ನಟಾಲ್, ಬಾಗಿಲು ಮುಚ್ಚಿದ ಮೇಲೆ. ಲೆನ್ ಕ್ಲೆಗ್, ಗಾಜಿನ ಕೋಣೆಯ ತನ್ನ ಕುರ್ಚಿಯನ್ನು ರಾಥ್ವಿಕ್‌ನವನೊಬ್ಬನಿಗೆ ಮಾರಿ. ದೀಪದ ಕಂಬದ ಬುಡದಲ್ಲಿ, ಮ್ಯೂರಿಯಲ್ ಆಸ್ಪಿನಾಲ್. ಕಂಬದ ಮೇಲೆ ಮಾತ್ರ ಯಾರೂ ಇರಲಿಲ್ಲ.