ಹುಳದ ಪೇಪರು

ಬೈರಕೂರು,
ಮೇ ೧೮, ಭಾನುವಾರ

ಪ್ರೀತಿಯ ಅಜ್ಜೀ,

ಹೇಗಿದ್ದೀಯ? ಮಂಡಿ ನೋವು ಕಡಿಮೆಯಾಯಿತಾ? ರಾಯಲ್ಪಾಡಿನಲ್ಲಿ ಬಿಸಿಲು ನಮ್ಮೂರಿಗಿಂತ ಒಂದು ಕೈ ಜಾಸ್ತಿ ಅಂತ ಸುನಂದತ್ತೆ ಹೇಳಿದರು. ಉಪ್ಪಿನಕಾಯಿ ಹಾಕಿಕೊಡುತ್ತೇನೆಂದು ಮಗಳ ಮನೆಗೆ ಹೋದವಳು ಉಪ್ಪಿನಕಾಯಿ ಮಾತ್ರ ಹಾಕು, ಉರಿಬಿಸಿಲಲ್ಲಿ ಮಾವಿನ ತೋಪು ಸುತ್ತಬೇಡ. ಫೋನಿಗೆ ಬರುವುದಿಲ್ಲ ಅಂತ ನೀನು ಹಟ ಹಿಡಿದಿದ್ದೀಯ, ಅದಕ್ಕೇ ಈ ಕಾಗದ. ಅತ್ತೆ ಓದಿ ಹೇಳುತ್ತಾರೆ. ನೀನು ಗೋಡೆಯ ಕಡೆ ಮುಖ ತಿರುಗಿಸಿಕೊಂಡು ಮಲಗಿದರೂ ಕಿವಿ ಮಾತ್ರ ಈ ಕಡೆಗೇ ಇರುತ್ತದೆಂದು ನನಗೆ ಗೊತ್ತು.

ಇಲ್ಲಿ ಎಲ್ಲರೂ ಕ್ಷೇಮ. ಹಿಪ್ಪುನೇರಳೆ ಸೊಪ್ಪು ಸೊಂಟದ ಮಟ್ಟ ಬಂದಿದೆ. ಅಮ್ಮನ ಮುದ್ದೆಯಲ್ಲಿ ಗಂಟು ಸಿಕ್ಕಾಗಲೆಲ್ಲ ಅಪ್ಪ ನಿನ್ನ ಹೆಸರು ಹೇಳಿ ಬೈಸಿಕೊಳ್ಳುತ್ತಾರೆ. ನೀನು ಕೂರುವ ಜಗಲಿಯಲ್ಲಿ ಈಗ ಬೆಕ್ಕು ಮಲಗುತ್ತದೆ. ಅದನ್ನು ನಾನು ಎರಡು ಸಲ ಓಡಿಸಿದೆ, ಮೂರನೇ ಸಲ ಮಲಗಲಿ ಬಿಡು ಅನ್ನಿಸಿತು.

ಹೋಗುವ ದಿನ ನೀನು ಒಂದು ಮಾತು ಕೇಳಿದೆ. "ಕಂಪ್ಯೂಟರ್ ಓದೋಕೆ ಕಳ್ಸಿದ್ರೆ ಹುಳ ಯಾಕೆ ಕೇಳ್ತಾರೆ ಇವ್ರು?" ಅಂತ. ಆವತ್ತು ನಾನು ಸರಿಯಾಗಿ ಉತ್ತರ ಹೇಳಲಿಲ್ಲ, ಈಗ ಹೇಳುತ್ತೇನೆ. ನಮ್ಮ ಡಿಗ್ರಿ ಹಬ್ಬದೂಟದ ಎಲೆ ಇದ್ದ ಹಾಗೆ. ಪ್ರೋಗ್ರಾಮಿಂಗ್, ಡೇಟಾಬೇಸ್, ಗಣಿತ ಇವೆಲ್ಲ ಅನ್ನ ಸಾರು. ಜೊತೆಗೆ ಕನ್ನಡ, ಇಂಗ್ಲಿಷ್, ಸಂವಿಧಾನ, ಪರಿಸರ ಓದಬೇಕು, ಒಂದು ಪ್ರಾಜೆಕ್ಟ್ ಮಾಡಬೇಕು, ಕೆಲವು ವಾರ ಎಲ್ಲಾದರೂ ಹೋಗಿ ಕೆಲಸ ಕಲಿತು ಬರಬೇಕು. ಎಲೆಯ ತುದಿಯಲ್ಲಿ ಉಪ್ಪಿನಕಾಯಿ ಬಡಿಸುತ್ತಾರಲ್ಲ, ಹಾಗೆ ನಮ್ಮ ವಿಭಾಗಕ್ಕೆ ಸೇರದ ಒಂದು ವಿಷಯವೂ ಇರುತ್ತದೆ. ಯಾವುದೆಂದು ನಾವೇ ಆರಿಸಿಕೊಳ್ಳಬಹುದು. ಆದರೆ ಈ ಊಟದಲ್ಲಿ ಉಪ್ಪಿನಕಾಯಿ ತಿನ್ನದೆ ಎದ್ದರೆ ಉಂಡಿದ್ದೆಲ್ಲ ಲೆಕ್ಕಕ್ಕೆ ಬರುವುದಿಲ್ಲ, ಡಿಗ್ರಿ ಕೊಡುವುದಿಲ್ಲ.

ನನ್ನ ಗೆಳತಿಯರು ಪತ್ರಿಕೋದ್ಯಮ, ಪೌಷ್ಟಿಕ ಆಹಾರ ಅಂತ ಏನೇನೋ ತೆಗೆದುಕೊಂಡರು. ನಾನು ಪಟ್ಟಿಯಲ್ಲಿ ರೇಷ್ಮೆ ಕೃಷಿ ಕಂಡ ಕೂಡಲೇ ಹಿಗ್ಗಿ ಹೆಸರು ಕೊಟ್ಟೆ. ಹುಳು ಸೊಪ್ಪು ಮೇಯುವ ಸದ್ದು ಕೇಳುತ್ತಾ ನಿನ್ನ ಪಕ್ಕದಲ್ಲಿ ಮಲಗಿ ಬೆಳೆದವಳಿಗೆ ಪುಸ್ತಕ ಯಾಕೆ ಬೇಕು? ತೆರೆಯಲೇ ಇಲ್ಲ. ಹುಳು ತರುವ ಮೊದಲು ಸಾಕುವ ಮನೆಯನ್ನು ಹೇಗೆ ಸಿದ್ಧಮಾಡಬೇಕು ಎಂಬ ಪ್ರಶ್ನೆ ಬಂತು. ನೀನು ಮಾಡುವುದನ್ನೆಲ್ಲ ಪುಟಗಟ್ಟಲೆ ಬರೆದೆ. ಸಗಣಿ ಸಾರಿಸಬೇಕು, ಸಾಂಬ್ರಾಣಿ ಹೊಗೆ ಹಾಕಬೇಕು, ಬಾಗಿಲಿಗೆ ಬೇವಿನ ಸೊಪ್ಪು ಕಟ್ಟಬೇಕು, ಒಳಗೆ ಹೋಗುವವರು ಕಾಲು ತೊಳೆಯಬೇಕು. ಕೊನೆಗೆ, "ಹುಳ ಎಷ್ಟು ಚೆನ್ನಾಗಿದೆ" ಅಂತ ಯಾರೂ ಬಾಯಿ ಬಿಟ್ಟು ಹೇಳಬಾರದು, ದೃಷ್ಟಿಯಾಗುತ್ತದೆ ಅಂತಲೂ ಬರೆದೆ! ಕ್ಲಾಸಿಗೆ ಕ್ಲಾಸೇ ಹೆದರುವ ಗಣಿತದಲ್ಲಿ ಪಾಸಾದೆ, ಹುಳದಲ್ಲಿ ಫೇಲಾದೆ. ಉತ್ತರ ಪತ್ರಿಕೆಯ ನಕಲು ತರಿಸಿ ನೋಡಿದರೆ, ಆ ಪ್ರಶ್ನೆಯಲ್ಲಿ ಕಾಲು ತೊಳೆಯುವುದಕ್ಕೆ ಮಾತ್ರ ಮಾರ್ಕ್ಸ್ ಬಿದ್ದಿತ್ತು.

ಮನೆಗೆ ಬಂದು ಅಳುತ್ತಾ ಹೇಳಿದರೆ ಅಪ್ಪ ನಕ್ಕ ನಗುವಿಗೆ ಕಾಫಿಯೆಲ್ಲ ಅಂಗಿಯ ಮೇಲೆ ಚೆಲ್ಲಿತು. "ಅಮ್ಮಾ, ಫೇಲಾಗಿರೋದು ಇವಳಲ್ಲ, ನೀನು" ಅಂದುಬಿಟ್ಟರು. ಅವರು ಅದನ್ನು ಹೇಳಬಾರದಿತ್ತು. ನಾನಾದರೂ ಸುಮ್ಮನಿರಬೇಕಿತ್ತು. ಪುಸ್ತಕ ತಂದು, ಸುಣ್ಣ, ಬ್ಲೀಚಿಂಗ್ ಪೌಡರು, ಹುಳದ ತಟ್ಟೆ ತೊಳೆಯುವ ಕ್ರಮ ಅಂತ ನಿನ್ನೆದುರು ಗಟ್ಟಿಯಾಗಿ ಓದತೊಡಗಿದೆ. ನಿನಗೆ ಸಿಟ್ಟು ಬಂದರೆ ಕನ್ನಡ ಮರೆತು ತೆಲುಗು ನುಗ್ಗುತ್ತದೆ. "ಎವಡೇ ವಾಡು, ಯಾವನೇ ಅವ್ನು, ನನ್ ಹುಳಕ್ಕೆ ಫೇಲ್ ಹಾಕೋಕೆ? ಇಷ್ಟ್ ವರ್ಷ ನಾನ್ ಸಾಕಿದ್ದು ಹುಳ ಅಲ್ದೆ ಇನ್ನೇನೇ? ಪುಸ್ತಕ ಓದ್ದೋರೇ ಸಾಕ್ಕೊಳ್ಳಿ" ಅಂದೆ. ಹುಳದ ಮನೆಗೆ ಬೀಗ ಜಡಿದು, ಬೀಗದ ಕೈ ಸೆರಗಿಗೆ ಗಂಟು ಹಾಕಿಕೊಂಡು ಬಸ್ಸು ಹತ್ತಿದೆ.

ಪಾಠ ಮಾಡುವ ಅಮರನಾಥ್ ಸರ್ ಕೆಟ್ಟವರಲ್ಲ ಅಜ್ಜೀ. ನಾನು ಹೋಗಿ ಕೇಳಿದಾಗ ಅವರು ನಗಲಿಲ್ಲ. ಕಾಲು ಯಾಕೆ ತೊಳೆಯಬೇಕು ಅಂತ ನನ್ನನ್ನೇ ಕೇಳಿದರು. ಅಜ್ಜಿ ಬೈಯುತ್ತಾಳೆ, ಅದಕ್ಕೆ, ಅಂದೆ. ಹೊರಗಿನ ರೋಗ ಕಾಲಿನ ಜೊತೆ ಒಳಗೆ ಬರುತ್ತದೆ, ಸುಣ್ಣ ಹೊಡೆಯುವುದೂ ಅದೇ ಕಾರಣಕ್ಕೆ ಅಂತ ತಿಳಿಸಿದರು. ಅವರ ಮಾತು ಸರಿ. ಹೋದ ಬೆಳೆಯಲ್ಲಿ ಹುಳು ಬೆಳ್ಳಗೆ ಬಿರುಸಾಗಿ ಸಾಯುವ ಸುಣ್ಣಕಟ್ಟು ರೋಗ ಬಂದು ಅರ್ಧ ಹುಳು ಬಿಸಾಡಿದೆವಲ್ಲ, ಆಗ ನೀನು ಊಟ ಬಿಟ್ಟಿದ್ದನ್ನು ನಾನು ನೋಡಿದ್ದೇನೆ. ನೀನು ಸಾಕಿದ್ದರಲ್ಲಿ ತಪ್ಪಿಲ್ಲ, ಜೊತೆಗೆ ಇದನ್ನೂ ಮಾಡೋಣ ಅಂತ ಅಷ್ಟೇ. ನನಗೂ ನಿನ್ನ ಮೇಲೆ ಕೋಪವಿದೆ, ಯಾವಾಗ ಬರುತ್ತೇನೆಂದು ಹೇಳದೆ ಹೊರಟೆಯಲ್ಲ. ಆದರೆ ಕೋಪಕ್ಕಿಂತ ನಿನ್ನ ನೆನಪೇ ಜಾಸ್ತಿ ಆಗುತ್ತಿದೆ.

ಈಗ ವಿಷಯಕ್ಕೆ ಬರುತ್ತೇನೆ. ಮುಂದಿನ ತಿಂಗಳ ಕೊನೆಗೆ ಆ ಪೇಪರಿನ ಪರೀಕ್ಷೆ ಮತ್ತೆ ಇದೆ. ಅದಕ್ಕೆ ಮೊದಲು ಒಂದು ಬೆಳೆ ಹುಳು ಸಾಕಿ, ದಿನದಿನದ ವಿವರ ಬರೆದುಕೊಡಬೇಕು. ಅದಿಲ್ಲದೆ ಪರೀಕ್ಷೆಗೆ ಕೂರಿಸುವುದಿಲ್ಲ. ಮಿಕ್ಕ ಎಲ್ಲದರಲ್ಲೂ ಪಾಸಾಗಿದ್ದೇನೆ, ಇದೊಂದೇ ಬಾಕಿ. ಎರಡನೇ ಜ್ವರ ಎದ್ದು ಪೊರೆ ಬಿಟ್ಟ ಮರಿಹುಳು ಮುಂದಿನ ವಾರ ಬರುತ್ತವೆ, ಅಷ್ಟರೊಳಗೆ ಮನೆ ತೊಳೆದು ಒಣಗಿಸಬೇಕು. ಬಾಗಿಲಿಗೆ ಬೀಗ. ನನ್ನ ಡಿಗ್ರಿ ಕೋಲಾರದ ಕಾಲೇಜಿನಲ್ಲಿಲ್ಲ ಅಜ್ಜೀ, ನಿನ್ನ ಸೆರಗಿನ ಗಂಟಿನಲ್ಲಿದೆ. ಶ್ರೀನಿವಾಸಪುರಕ್ಕೆ ಬಂದರೆ ಸಾಕು, ಅಪ್ಪ ಗಾಡಿ ತರುತ್ತಾರೆ. ಸಾಂಬ್ರಾಣಿ ನೀನೇ ಹಾಕು, ಸುಣ್ಣ ನಾನು ಹೊಡೆಯುತ್ತೇನೆ.

ಅತ್ತೆಗೂ ಮಾವನಿಗೂ ನಮಸ್ಕಾರ ತಿಳಿಸು. ಅಮ್ಮ ನಿನ್ನ ಕಾಲಿಗೆ ಎಣ್ಣೆ ಕಾಸಿಡುತ್ತೇನೆ ಅಂದಿದ್ದಾರೆ. ನೀನು ಬೈದರೂ ಸರಿ, ಆಶೀರ್ವಾದ ಮಾಡಿ ಬೈಯಿ.

ನಿನ್ನ ಮೊಮ್ಮಗಳು,
ಶ್ರೀವಾಣಿ

ಮರೆತಿದ್ದೆ: ಕಾಗದ ಕಳಿಸುವ ಬಸ್ಸಿಗೆ ಹೊತ್ತಾಯಿತು, ಬೇಗ ಬರೆಯುತ್ತಿದ್ದೇನೆ. ಹುಳದ ಮನೆಯ ಇನ್ನೊಂದು ಬೀಗದ ಕೈ ದೇವರ ಪಟದ ಹಿಂದೆ ಮೊಳೆಯಲ್ಲಿ ನೇತಾಡುತ್ತಿದೆ. ನೀನೇ ಇಟ್ಟಿದ್ದು, ಮರೆತಿದ್ದೀಯ. ನನಗೂ ಗೊತ್ತು, ಅಪ್ಪನಿಗೂ ಗೊತ್ತು, ದಿನಾ ದೀಪ ಹಚ್ಚುವ ಅಮ್ಮನಿಗೂ ಗೊತ್ತು. ಯಾರೂ ಅದನ್ನು ಮುಟ್ಟಿಲ್ಲ. ನೀನು ಬಂದು ಬಾಗಿಲು ತೆಗಿ.