ಸೊಣ್ಣಮ್ಮನ ಕೋಣೆಯ ಚಿಲಕ

೧೩-೧೧-೬೧, ಸೋಮವಾರ

ಕಾರ್ತಿಕ ಸೋಮವಾರ, ಒಪ್ಪೊತ್ತು. ಕೊಟ್ಟಿಗೆ ಬಳಿದು, ಅಂಗಳ ಸಾರಿಸಿ, ಸ್ನಾನ ಮುಗಿಸುವಷ್ಟರಲ್ಲಿ ಪೋಸ್ಟ್ ಬಂತು. ಪೇಟೆಯ ಹುಚ್ಚಾಸ್ಪತ್ರೆಯ ಡಾಕ್ಟರ ಕಾಗದ. ನಾದಿನಿ ಸೊಣ್ಣಮ್ಮನಿಗೆ ತಲೆ ವಾಸಿಯಾಗಿದೆಯಂತೆ. ಕರೆದುಕೊಂಡು ಹೋಗುತ್ತೀರೋ ಇಲ್ಲವೋ, ೨೧ರ ಮಂಗಳವಾರದೊಳಗೆ ತಿಳಿಸಿ. ಇಲ್ಲವಾದರೆ ನಿರ್ಗತಿಕರ ಆಶ್ರಮಕ್ಕೆ...

ನಿರ್ಗತಿಕಳು! ಈ ಕೊಡಿಗೇಹಳ್ಳಿ ಮನೆಯಲ್ಲೇ ಹುಟ್ಟಿದವಳು. ತಲೆ ಕೆಟ್ಟಿತೆಂದು ಗಂಡನ ಮನೆಯವರು ತಂದು ಬಿಟ್ಟುಹೋದರು. ನಾವು ಕೋಣೆ ಕೊಟ್ಟೆವು. ಹೊರಗಿನಿಂದ ಚಿಲಕ. ದಿನಾ ದೀಪ ಹಚ್ಚಿದ ಮೇಲೆ ಅದನ್ನು ಹಾಕುತ್ತಿದ್ದವಳು ನಾನೇ. ಆಷಾಢದಲ್ಲಿ ಒಂದು ದಿನ ಮರೆತೆ. ಹೋದಳು. ಎರಡು ತಿಂಗಳು ಯಶವಂತಪುರದ ಟೇಷನ್ನಿನಲ್ಲಿ ಮಲಗಿದ್ದಳಂತೆ. ಆಮೇಲೆ ಪೊಲೀಸಿನವರು ಆಸ್ಪತ್ರೆಗೆ ಸೇರಿಸಿದರು.

೧೫, ಬುಧವಾರ

ಪಕ್ಕದ ಮನೆಯ ಹಾಲಿನ ಪಿಳ್ಳಣ್ಣನ ಹೆಂಡತಿ ಅಂಜನಮ್ಮನ ಜೊತೆ ಆಸ್ಪತ್ರೆಗೆ ಹೋಗಿಬಂದೆ. ಸೊಣ್ಣಮ್ಮ ನೆಟ್ಟಗೆ ತಲೆ ಬಾಚಿಕೊಂಡು ಕೂತಿದ್ದಳು.

"ಉಪ್ವಾಸ ಉಪ್ವಾಸ ಅಂತೀಯ, ದಪ್ಪ ಆಗಿದ್ದೀಯಲ್ಲತ್ತಿಗೆ!"

ಅಂಜನಮ್ಮ ಕಿಸಕ್ಕೆಂದಳು. ನನಗೆ ಅಳು ಬಂತು.

"ಮನೀಗೆ ಬಾರಮ್ಮ."

"ಚಿಲ್ಕ ಎಲ್ಲೈತೆ?"

ಹೊರಗಡೆಯೇ ಇದೆ ಎಂದೆ.

"ಟೇಸನ್ನಾಗೆ ಕಂಡೋರೆಲ್ಲ ಬಂದು ಸೀರೆ ಎಳೀತಿದ್ರು. ಆಕ್ಕೊಳ್ಳಾಕೆ ಬಾಗ್ಲೇ ಇರ್ಲಿಲ್ಲ. ನಿಮ್ಮನೇಲಿ ಬಾಗ್ಲೈತೆ, ಚಿಲ್ಕ ನಿನ್ ಕೈಲೈತೆ. ಒಳಗಡೀಕೆ ಆಕ್ಸು, ಬತ್ತೀನಿ. ಇಲ್ದಿದ್ರೆ ಆಶ್ರಮನೇ ಸೈ."

ನಿಮ್ಮನೆ ಅಂದಳು.

೧೬, ಸಂಜೆ

ಯಜಮಾನರಿಗೆ ಹೇಳಿದೆ. ರೇಗಿದರು.

"ಒಳಗಿಂದ ಆಕ್ಕೊಂಡು ಏನಾರ ಮಾಡ್ಕೊಂಡ್ರೆ? ಬಾವೀತಾವ ಅವಳ ಜಡೆ ಇಡ್ದು ಎಳ್ದೋನು ನಾನು ಕಣೇ, ನೀನಲ್ಲ!"

ನಿಜ. ಬಾವಿಗೆ ಹಾರಹೊರಟ ತಂಗಿಯನ್ನು ಎಳೆದು ತಂದವರು ಅವರೇ. ದೇವರ ಮುಂದೆ ಕೂತೆ. ಏನೂ ಹೊಳೆಯಲಿಲ್ಲ.

೧೯, ಭಾನುವಾರ

ಯಜಮಾನರು ಯಲಹಂಕಕ್ಕೆ ಹೋಗಿದ್ದಾಗ ಬಡಗಿ ಮುಜಫ್ಫರ್ ಸಾಬರನ್ನು ಕರೆಸಿದೆ. ಚಿಲಕ ಕಿತ್ತು ಒಳಗಡೆ ಹಾಕಿದರು.

"ಹೊರಗೆ ಹಾಕಿದ್ ಪುಣ್ಯಾತ್ಮ ಯಾರಮ್ಮ?"

"ನೀವೇ ಸಾಬರೇ."

ಸಾಬರು ಬಗ್ಗಿ ಮೊಳೆ ಹೊಡೆದರು.

ಸಂಜೆ ಯಜಮಾನರು ಬಂದವರು ಬಾಗಿಲಿನ ತೂತುಗಳ ಮೇಲೆ ಬೆರಳಾಡಿಸಿದರು.

"ನಾಳೆ ಹೊರಗೂ ಒಂದು ಆಕುಸ್ತೀನಿ."

"ಬೇಡ. ಬಾಗ್ಲತ್ರ ಚಾಪೆ ಆಕ್ಕೊಂಡು ನಾನ್ ಮಲಗ್ತೀನಿ."

"ಬಾಗ್ಲು ಒಡೆಯಾಕೆ ನಿನ್ ಕೈಲಾಯ್ತದಾ?"

"ಕೂಗ್ತೀನಿ. ನೀವು ಬರಲ್ವಾ?"

ಗೋಡೆ ಕಡೆ ತಿರುಗಿ ಮಲಗಿದರು. ಊಟಕ್ಕೂ ಏಳಲಿಲ್ಲ.

೨೦, ಬೆಳಗ್ಗೆ ಏಳು

ಯಜಮಾನರು ಹೇಳದೆ ಕೇಳದೆ ಸಾಬರ ಮನೆ ಕಡೆ ಹೋಗಿದ್ದಾರೆ. ನಾಳೆಗೆ ವಾಯಿದೆ ಮುಗಿಯುತ್ತದೆ. ಡಾಕ್ಟರಿಗೆ ಬರೆದೆ — ಸೊಣ್ಣಮ್ಮನನ್ನು ಕಳಿಸಿಕೊಡಿ. ಚಿಲಕ ಒಳಗಿದೆ. ಹೊರಗೆ ಹಾಕಲು ಬಿಡುವುದಿಲ್ಲ. ಜವಾಬ್ದಾರಿ ನನ್ನದು. ಕೆಳಗೆ ಬೈರಮ್ಮ ಎಂದು ರುಜು. ಅಕ್ಷರ ಸೊಟ್ಟ. ಇರಲಿ.

ಪೋಸ್ಟಿಗೆ ಹಾಕಿದರೆ ನಾಳೆ ತಲುಪುವುದಿಲ್ಲ. ಪಿಳ್ಳಣ್ಣ ಹಾಲು ಹಾಕಲು ಪೇಟೆಗೆ ಹೋಗುತ್ತಾನಲ್ಲ. ಬೇಲಿಯ ಹತ್ತಿರ ನಿಂತು ಅಂಜನಮ್ಮನನ್ನು ಕೂಗಿದೆ — ಸೈಕಲ್ ಹತ್ತೋ ಮುಂಚೆ ಬಂದು ನನ್ ಕಾಗ್ದ ಈಸ್ಕೊಂಡು ಓಗಾಕೇಳು, ಡಾಕ್ಟ್ರ ಕೈಗೇ ಕೊಡ್ಬೇಕು...

ಬೀದಿಯಲ್ಲಿ ಯಜಮಾನರ ಕೆಮ್ಮು. ಜೊತೆಗೆ ಸಾಬರ ದನಿ.

ಅಂಜನಮ್ಮ, ಬೇಗ ಕಳ್ಸೇ ತಾಯಿ, ಇವ್ರು ಒಳಕ್ಕೆ ಬರೋ ಮುಂಚೆ ಪಿಳ್ಳಣ್ಣ ಬಂದು ತಗೊಂಡ್—