ನಮ್ಮ ಅತ್ತೆ ಗರ್ಭಿಣಿಯಲ್ಲ, ಮಾನ್ಯರೇ

ನಮ್ಮ ಭಾಗದ ಆರೋಗ್ಯಾಧಿಕಾರಿಗಳಾದ ಮಾನ್ಯರೇ,

ರಾತ್ರಿ ಎರಡೂಕಾಲು. ಹಿತ್ತಲ ಫರಸಿ ಕಲ್ಲಿನ ಮೇಲೆ ತಂಬಿಗೆ ಇಟ್ಟ ಸದ್ದಿಗೆ ನನಗೆ ಎಚ್ಚರವಾಯಿತು. ಊರೆಲ್ಲ ಕೌದಿ ಹೊದ್ದು ಮುದುಡಿರುವ ಈ ಮಾಘದ ಚಳಿಯಲ್ಲಿ ನಮ್ಮ ಅತ್ತೆ ಶಿವಗಂಗವ್ವ ಬಾಗಿಲು ತೆರೆದಿಟ್ಟು, ಕತ್ತಿಗೆ ಒದ್ದೆ ಬಟ್ಟೆ ಸುತ್ತಿಕೊಂಡು ಹೊಸ್ತಿಲ ಮೇಲೆ ಕೂತಿದ್ದರು. ಅವರಿಗೆ ನಲವತ್ತೊಂಬತ್ತು ವರ್ಷ. ಗಂಡ ತೀರಿಕೊಂಡು ಒಂಬತ್ತು ವರ್ಷ. ತಮ್ಮ ಇಲಾಖೆಯ ಪ್ರಕಾರ ಅವರು ಆರು ತಿಂಗಳ ಗರ್ಭಿಣಿ. ನನ್ನ ದೂರು ಇಷ್ಟೇ. ಮುಂದೆ ಓದಲು ಪುರುಸೊತ್ತಿಲ್ಲದಿದ್ದರೆ ಇಲ್ಲಿಗೇ ನಿಲ್ಲಿಸಿ ರಿಜಿಸ್ಟರು ತರಿಸಿ ನೋಡಬಹುದು.

ಪುರುಸೊತ್ತು ಇದ್ದರೆ ಕೇಳಿ. ಅತ್ತೆಗೆ ಆಗಿರುವುದಕ್ಕೆ ನಿಘಂಟಿನಲ್ಲಿ ಋತುಬಂಧ ಎಂಬ ಗಂಭೀರವಾದ ಹೆಸರಿದೆ. ನಮ್ಮೂರಲ್ಲಿ ಅದಕ್ಕೆ ಹೆಸರೇ ಇಲ್ಲ. ಮುಟ್ಟು ನಿಲ್ಲುವ ಕಾಲಕ್ಕೆ ಮೈಯಲ್ಲಿ ಬೆಂಕಿ ಎದ್ದ ಹಾಗೆ ಆಗುತ್ತದೆ, ಅದಕ್ಕೆ ಹೆಂಗಸರು ‘ಝಳ’ ಅನ್ನುತ್ತಾರೆ; ಅದೂ ಗಂಡಸರು ಎದ್ದು ಹೋದ ಮೇಲೆ. ಝಳ ಎದೆಯಿಂದ ಕಿವಿಯವರೆಗೆ ಏರುತ್ತದೆ, ಕುಪ್ಪಸ ತೊಯ್ದು ಮೈಗೆ ಅಂಟುತ್ತದೆ, ಆಮೇಲೆ ಅದೇ ಒದ್ದೆಯಲ್ಲಿ ಗಡಗಡ ನಡುಕ. ಹಗಲಿಗೆ ನಾಲ್ಕೈದು ಸಲ, ರಾತ್ರಿಗೆ ಲೆಕ್ಕವಿಲ್ಲ. ಮುಂಜಾನೆ ಏಳುವಾಗ ಮೊಣಕಾಲು ಹಿಡಿದಿರುತ್ತವೆ. ಒಮ್ಮೆ ಸಾರಿಗೆ ಎರಡು ಸಲ ಉಪ್ಪು ಹಾಕಿ, ಯಾರೂ ಏನೂ ಅನ್ನದಿದ್ದರೂ, ಒಲೆಯ ಮುಂದೆ ಕೂತು ಅತ್ತರು. ನನ್ನ ಮದುವೆಯಾದಾಗಿನಿಂದ ಅವರು ಅತ್ತದ್ದನ್ನು ನಾನು ಕಂಡಿರಲಿಲ್ಲ.

ನನ್ನ ಗಂಡ ದೂರದೂರಿನ ನೌಕರಿಯಲ್ಲಿದ್ದಾರೆ; ಇದನ್ನೆಲ್ಲ ನಾವಿಬ್ಬರೂ ಸರಕಾರದ ನೆರವಿಲ್ಲದೆ ನಡೆಸಿಕೊಂಡು ಬಂದಿದ್ದೆವು. ರೊಟ್ಟಿ ಬಡಿಯುವುದನ್ನು ಬಿಸಿಲೇರಿದ ಹೊತ್ತಿನಿಂದ ನಸುಕಿಗೆ ತಂದೆವು. ಬೆಂಕಿಯ ಮುಂದೆ ನಾನು, ಬಾಗಿಲ ಗಾಳಿಗೆ ಅವರು. ಹತ್ತಿ ಬಿಡಿಸಲು ಹೋದಾಗ ಜಾಲಿಯ ಗಿಡದ ಬುಡಕ್ಕೆ ಒಂದು ನೀರಿನ ಕೊಡ, ಝಳ ಬಂದರೆ ಅಲ್ಲಿ ಹೋಗಿ ಕೂರುವುದು. ಮಧ್ಯಾಹ್ನ ಚಹಾದ ಬದಲು ಮಜ್ಜಿಗೆ. ಎಂಟು ತಿಂಗಳ ನನ್ನ ಮಗ ಅಜ್ಜಿಯ ಎದೆಗೆ ಒರಗದೆ ಮಲಗುವವನಲ್ಲ. ಝಳದ ಹೊತ್ತಿಗೆ ಆ ಪುಟ್ಟ ಮೈ ಅವರಿಗೆ ಕಾದ ಹಂಚಿನ ಹಾಗೆ. ಆದ್ದರಿಂದ ತೊಟ್ಟಿಲನ್ನು ಹಿತ್ತಲ ಬಾಗಿಲ ಬಾಜು ಕಟ್ಟಿದೆವು. ಅವರು ಹೊಸ್ತಿಲಲ್ಲಿ ಕೂತು ಕಾಲಿನಿಂದ ಹಗ್ಗ ಜಗ್ಗುತ್ತಾರೆ. ಕೂಸು ಅತ್ತರೆ ನನಗೆ ನಿದ್ದೆ ಇಲ್ಲ, ಝಳ ಬಂದರೆ ಅವರಿಗೆ ನಿದ್ದೆ ಇಲ್ಲ. ಈ ಊರಿನಲ್ಲಿ ಇಷ್ಟು ಹೊತ್ತು ಕೂಡಿ ಮಾತಾಡುವ ಅತ್ತೆ-ಸೊಸೆ ಬೇರೆ ಇರಲಾರರು.

ಹೀಗೆ ಸುಮ್ಮನಿದ್ದಿದ್ದರೆ ಆಗುತ್ತಿತ್ತು. ಆದರೆ ನಾನು ಹುಬ್ಬಳ್ಳಿಯಲ್ಲಿ ಬಿ.ಎ. ಓದಿದವಳು. ಓದಿದವರಿಗೆ ಒಂದು ರೋಗವಿರುತ್ತದೆ, ಕೇಳಿ ತಿಳಿದುಕೊಳ್ಳಬೇಕು ಅನ್ನುವುದು. ಮೊದಲು ಕುಂದಗೋಳದಲ್ಲಿರುವ ನನ್ನ ತಾಯಿಗೆ ಕಾಗದ ಬರೆದೆ. ಕಾರ್ಡಿನಲ್ಲಿ ಉತ್ತರ ಬಂತು: “ಎಲ್ಲಾರಿಗೂ ಬರತೈತಿ, ಹೊಕ್ಕೈತಿ. ಇಂಥಾವು ಬರೀಬ್ಯಾಡ, ಪೋಸ್ಟಮನ್ ಓದತಾನ.” ರೇಡಿಯೋ ಹಚ್ಚಿದೆ. ಹಾಲು ಬತ್ತಿದ ಎಮ್ಮೆಗೆ ಎಷ್ಟು ಹಿಂಡಿ ಇಡಬೇಕು, ಅದನ್ನು ಎಂಥ ನೆರಳಿನಲ್ಲಿ ಕಟ್ಟಬೇಕು ಎಂದು ಅರ್ಧ ತಾಸು ಬಹಳ ಕಕ್ಕುಲಾತಿಯಿಂದ ಹೇಳಿದರು. ಅತ್ತೆ ಕೇಳಿ, “ಎಮ್ಮಿ ಪುಣ್ಯಾ ಮಾಡಿತ್ತು ನೋಡ” ಅಂದರು. ಕೊನೆಗೆ ನಾನೇ ಅವರನ್ನು ಒತ್ತಾಯ ಮಾಡಿ, ಕೂಸನ್ನು ಕಂಕುಳಲ್ಲಿ ಇಟ್ಟುಕೊಂಡು, ಕಳೆದ ತಿಂಗಳು ತಮ್ಮ ಉಪಕೇಂದ್ರಕ್ಕೆ ಕರೆದುಕೊಂಡು ಹೋದೆ. ಹೌದು, ನಾನೇ. ಇದನ್ನು ನೆನೆದಾಗಲೆಲ್ಲ ನನಗೆ ಝಳ ಬರುತ್ತದೆ, ನನಗಿನ್ನೂ ಇಪ್ಪತ್ತನಾಲ್ಕು.

ನಾನು ಹೊರಗಿನ ಕಟ್ಟೆಯ ಮೇಲೆ ಮಗನಿಗೆ ಹಾಲೂಡಿಸುತ್ತ ಕೂತಿದ್ದೆ. ಒಳಗಿನ ಮಾತು ನನ್ನ ಕಿವಿಗೆ ಬೀಳುತ್ತಿತ್ತು.

“ಮುಟ್ಟು ನಿಂತು ಎಷ್ಟ ತಿಂಗಳಾತು?” ಇದು ನರ್ಸಬಾಯಿ.

“ಐದಾತ್ರಿ.”

“ತಲಿ ತಿರುಗತೈತೇನು?”

“ಒಮ್ಮೊಮ್ಮಿ, ಹೌದ್ರಿ.”

“ನಿದ್ದಿ?”

“ಎಲ್ಲೀ ನಿದ್ದಿರಿ ಬಾಯಾರ.”

“ಹೊಟ್ಯಾಗ ಕಸಿವಿಸಿ?”

“ಅದೂ ಐತ್ರಿ. ಆದರ ಮೈಯಾಗ ಝಳಾ...”

“ಅದೆಲ್ಲಾ ಇರೂದ. ಎಲ್ಲಾ ಬರೋಬ್ಬರಿ ಐತಿ. ರೇಶನ್ ಕಾರ್ಡ ಕೊಡ್ರಿ ಇಲ್ಲೆ.”

ಎಲ್ಲಾ ಬರೋಬ್ಬರಿ ಐತಿ ಎಂದು ಕೇಳಿ ನನ್ನ ಜೀವ ತಣ್ಣಗಾಯಿತು. ಪದವೀಧರೆಗೆ ಆಗಲೂ ತಿಳಿಯಲಿಲ್ಲ. ನರ್ಸಬಾಯಿ ಹೊಸಬರು, ಬಂದು ಮೂರು ತಿಂಗಳಾಗಿತ್ತು. ಆರು ಹಳ್ಳಿ ಒಬ್ಬರೇ ಸುತ್ತುತ್ತಾರೆ, ಅವರ ಮೇಲೆ ನನಗೆ ಸಿಟ್ಟಿಲ್ಲ. ತಿಂಗಳಿಗೆ ಇಂತಿಷ್ಟು ಹೊಸ ಗರ್ಭಿಣಿಯರನ್ನು ಹುಡುಕಿ ಬರೆಯಬೇಕು ಎಂದು ಅವರಿಗೆ ತಾವು ಗುರಿ ಕೊಟ್ಟಿದ್ದೀರಿ ಎಂದು ಆಮೇಲೆ ತಿಳಿಯಿತು. ಅವರು ತಲೆ ಎತ್ತಿ ನೋಡಿದ್ದರೆ ಬರಿಗೈ, ಬರೀ ವಿಭೂತಿಯ ಹಣೆ ಕಾಣುತ್ತಿತ್ತು. ಆದರೆ ಗುರಿ ಇರುವವರು ತಲೆ ಎತ್ತುವುದು ಹೇಗೆ? ಅವರು ಕಾರ್ಡು ನೋಡಿ ಬರೆದರು. ಗಂಡನ ಹೆಸರು ಶಂಭುಲಿಂಗಪ್ಪ. ನಮ್ಮ ಮಾವ ಸತ್ತು ಒಂಬತ್ತು ವರ್ಷವಾದರೂ ಆ ಕಾರ್ಡಿನಲ್ಲಿ ಇನ್ನೂ ಸಕ್ಕರೆ ತಿನ್ನುತ್ತಿದ್ದಾರೆ. ಹೆಸರು ತೆಗೆಸಲು ನಾವು ಹೋಗಲಿಲ್ಲ, ತಪ್ಪು ನಮ್ಮದೇ, ಒಪ್ಪುತ್ತೇನೆ. ಹೆಂಡತಿಯ ವಯಸ್ಸು ಮೂವತ್ತೆಂಟು. ಕಾರ್ಡು ಬರೆದಾಗ ಅಷ್ಟೇ ಇತ್ತು, ಸರಕಾರಿ ಕಾಗದದಲ್ಲಿ ಹೆಂಗಸರಿಗೆ ವಯಸ್ಸಾಗುವುದಿಲ್ಲ. ಹೀಗೆ ಎರಡು ಇಲಾಖೆಗಳು ಕೂಡಿ, ನಮ್ಮ ಅತ್ತೆಯ ಸಂಸಾರವನ್ನು ಮತ್ತೊಮ್ಮೆ ಹೂಡಿಕೊಟ್ಟವು.

ಒಂದು ತಿಂಗಳು ಅತ್ತೆ, ಬಸುರಿಯರಿಗೆಂದು ತಾವು ಕಳಿಸುವ ಕೆಂಪು ಗುಳಿಗೆಗಳನ್ನು ಉಂಡ ಕೂಡಲೇ ತಪ್ಪದೆ ನುಂಗಿದರು, ಝಳಕ್ಕೆ ಕೊಟ್ಟದ್ದು ಎಂದುಕೊಂಡು. ರಟ್ಟೆಗೆ ಚುಚ್ಚಿದ ಸೂಜಿ ಎರಡು ದಿನ ಬಾತು ನೋಯಿತು. “ನೋವಾದ್ರ ಔಷಧಾ ಹತ್ತಿದಂಗ” ಎಂದು ನನಗೇ ಸಮಾಧಾನ ಹೇಳಿದರು.

ಹೋದ ಗುರುವಾರ ಗರ್ಭಿಣಿಯರ ಪಟ್ಟಿ ಪಂಚಾಯತಿಗೆ ಬಂತು. ಬರುವ ಸೋಮವಾರ ಮುಂಜಾನೆ ಹತ್ತು ಗಂಟೆಗೆ ಅದನ್ನು ಗೋಡೆಗೆ ಹಚ್ಚಿ, ಹೆಸರು ಕೂಗಿ, ಪೌಷ್ಟಿಕ ಹಿಟ್ಟು ಹಂಚಬೇಕೆಂದು ತಮ್ಮ ಆದೇಶ. ಪಂಚಾಯತಿಯ ಸಿಪಾಯಿ ಹನಮಂತಪ್ಪ ಪಟ್ಟಿಯನ್ನು ಒಮ್ಮೆ ಬಾಯಿಬಿಟ್ಟು ಓದಿದ. ಗೋಡೆಯವರೆಗೆ ಕಾಯಬೇಕಾಗಲಿಲ್ಲ. ಅತ್ತೆ ಜೋಳ ಬೀಸಲು ಗಿರಣಿಗೆ ಹೋದಾಗ, ಪಕ್ಕದ ಮನೆಯ ದುಂಡವ್ವ ಎಲ್ಲರ ಮುಂದೆ ಕೇಳಿದಳು, “ಕುಬಸಾ ಯಾವಾಗಬೇ ಶಿವಗಂಗವ್ವಾ? ಹೇಳಿದ್ರ ಬಳಿ ತರತಿದ್ವಿ.” ಬಸುರಿಗೆ ಮಾಡುವ ಕುಬಸ. ಗಂಡ ಸತ್ತವರಿಗೆ ಬಳೆ. ಗಿರಣಿಯ ಪಟ್ಟಾ ಓಡುವ ಸದ್ದಿಗಿಂತ ನಗು ಜೋರಿತ್ತಂತೆ. ಅತ್ತೆ ಡಬ್ಬಿ ಅಲ್ಲೇ ಬಿಟ್ಟು ಬಂದರು. ನಮ್ಮ ಹಿಟ್ಟು ಇನ್ನೂ ಗಿರಣಿಯಲ್ಲಿದೆ.

ಸಂಜೆ ಮಾವನ ಅಣ್ಣ ಈರಬಸಪ್ಪನವರು ಬಂದು ಕಟ್ಟೆಯ ಮೇಲೆ ಕೂತರು. “ಖರೇ ಏನಂತ ನನಗ ಗೊತ್ತೈತಿ ತಂಗೀ. ಆದರ ಸರಕಾರಿ ಕಾಗದಾ ಸುಳ್ಳ ಹೇಳತೈತೇನ್ರೀ ಅಂತ ಮಂದಿ ಕೇಳಿದ್ರ ನಾ ಏನ ಹೇಳಲಿ?” ಆ ಪ್ರಶ್ನೆಯನ್ನು ನಾನು ತಮಗೇ ದಾಟಿಸುತ್ತೇನೆ. ತಮಗೆ ಉತ್ತರ ಹೊಳೆಯುತ್ತದೆಯೇ?

ಶುಕ್ರವಾರ ನಾನು ಮಗನನ್ನು ಎತ್ತಿಕೊಂಡು ಎರಡು ಬಸ್ಸು ಬದಲಿಸಿ ತಮ್ಮ ಕಚೇರಿಗೆ ಬಂದೆ. ತಾವು ಮೀಟಿಂಗಿನಲ್ಲಿದ್ದಿರಿ. ಮೀಟಿಂಗು ತಾಯಂದಿರ ಆರೋಗ್ಯದ ಬಗ್ಗೆ ಎಂದು ಹೊರಗೆ ಬಟ್ಟೆಯ ಮೇಲೆ ಬರೆದಿತ್ತು. ಕ್ಲಾರ್ಕರು ಒಳ್ಳೆಯವರು, ಕೂಸಿಗೆ ನೀರು ತರಿಸಿಕೊಟ್ಟರು. ಆಮೇಲೆ ರಿಜಿಸ್ಟರು ತೆಗೆದು ತೋರಿಸಿದರು.

“ನೋಡ್ ತಂಗೀ, ಒಮ್ಮಿ ಇಲ್ಲಿ ಬರದ್ರ ಹೊರಗ ಹೋಗಾಕ ಮೂರ ದಾರಿ. ಹೆರಿಗಿ. ಗರ್ಭಪಾತ. ತಾಯಿ ಮರಣ.”

“ಈ ಮೂರೂ ಅಲ್ಲ ಅಂದ್ರ?”

“ಹಂಗಾದ್ರ ಕಾಲಂ ಇಲ್ಲ.”

ನಾನು ಬಹಳ ಹೊತ್ತು ಎದ್ದು ಬರದಿದ್ದಾಗ ಅವರಿಗೆ ಕನಿಕರ ಬಂತು. ದನಿ ತಗ್ಗಿಸಿ, “ಗರ್ಭಪಾತ ಅಂತ ಬರದ ಬಿಡೂಣೇನು? ಪಟ್ಟಿಯಿಂದ ಹೆಸರ ಹೊಕ್ಕೈತಿ” ಅಂದರು. ಒಂಬತ್ತು ವರ್ಷ ಒಬ್ಬರೇ ಹೊಲ ಮಾಡಿಸಿ, ಮಗನನ್ನು ಓದಿಸಿದ ಹೆಂಗಸು, ಮೊದಲು ಬಸುರಾದಳು, ಆಮೇಲೆ ತೆಗೆಸಿಕೊಂಡಳು ಎಂದು ತಮ್ಮ ಮೊಹರಿನ ಸಮೇತ ದಾಖಲಾಗಲಿ ಎಂದು ಅವರು ದಯೆಯಿಂದಲೇ ಹೇಳಿದರು. ಆದ್ದರಿಂದ ಮಾನ್ಯರೇ, ಈಗ ತಮ್ಮನ್ನೇ ಕೇಳುತ್ತೇನೆ. ಹೆರಿಗೆ, ಗರ್ಭಪಾತ, ಮರಣ. ನಮ್ಮ ಅತ್ತೆ ಇದರಲ್ಲಿ ಯಾವುದನ್ನು ಆರಿಸಿಕೊಳ್ಳಬೇಕು? ತಮ್ಮ ಮನೆಯಲ್ಲೂ ತಾಯಿ ಇದ್ದಿರಬೇಕು, ಅವರಿಗೂ ಒಂದು ವಯಸ್ಸಿನಲ್ಲಿ ಮುಟ್ಟು ನಿಂತಿರಬೇಕು. ಆಗ ತಮ್ಮ ಮನೆಯವರು ತೊಟ್ಟಿಲು ಕಟ್ಟಿದರೇ?

ಪತ್ರಿಕೆಗೆ ಕೊಡುವ ಈ ಪತ್ರದಲ್ಲಿ ಹೆಸರು ಬರೆಯಲೇ ಬೇಡವೇ ಎಂದು ನಾನು ಅಳುಕಿದ್ದೆ. ಅತ್ತೆಯನ್ನೇ ಕೇಳಿದೆ. ಅವರು ಕತ್ತಿನ ಬಟ್ಟೆ ಹಿಂಡಿ ಮತ್ತೆ ಸುತ್ತಿಕೊಳ್ಳುತ್ತ, “ಬರೀ ನೀಲಾ. ಗ್ವಾಡಿ ಮ್ಯಾಲ ಹೆಂಗೂ ಸುಳ್ಳ ಹಚ್ಚತಾರ. ಪೇಪರದಾಗರೆ ಖರೇ ಬರಲಿ” ಅಂದರು.

ತಮ್ಮಿಂದ ಬೇಕಾದದ್ದು ಬಹಳವೇನಿಲ್ಲ. ಶಿವಗಂಗವ್ವನವರ ಹೆಸರನ್ನು ಕೆಂಪು ಮಸಿಯಿಂದ ಹೊಡೆದು, ತಪ್ಪು ಇಲಾಖೆಯದು ಎಂದು ಬರೆದು ಅದೇ ಗೋಡೆಗೆ ಹಚ್ಚಿಸಬೇಕು. ರಿಜಿಸ್ಟರಿನಲ್ಲಿ ಇನ್ನೊಂದು ಕಾಲಂ ಎಳೆಸಬೇಕು. ಅಳತೆಪಟ್ಟಿ ಹಿಡಿದು ಗೆರೆ ಎಳೆಯಲು ಎಷ್ಟು ಹೊತ್ತು? ಝಳ ಎಂದು ಬಂದ ಹೆಂಗಸಿನ ಮಾತನ್ನು ಪೂರ್ತಿ ಕೇಳಿ, ಅದು ಏನು, ಎಷ್ಟು ದಿನ, ಏನು ಮಾಡಿದರೆ ತುಸು ತಂಪು ಎಂದು ಹೇಳುವುದನ್ನು ನರ್ಸಬಾಯಿಯವರಿಗೆ ಕಲಿಸಬೇಕು. ಎಮ್ಮೆಗೆ ಹೇಳುವಷ್ಟಾದರೂ.

ಆದರೆ ಇವೆಲ್ಲ ಸಾವಕಾಶ ಆಗಲಿ. ಅವಸರದ್ದು ಒಂದೇ. ಅತ್ತೆ ಶನಿವಾರವೇ ಚೀಲ ಕಟ್ಟಿಟ್ಟಿದ್ದಾರೆ. ಗೋಡೆಗೆ ಪಟ್ಟಿ ಬೀಳುವ ಮೊದಲು, ಸೋಮವಾರದ ಆರು ಗಂಟೆಯ ಬಸ್ಸಿಗೆ ತವರೂರು ದೇವಿಕೊಪ್ಪಕ್ಕೆ ಹೋಗುತ್ತಾರೆ, ತಿರುಗಿ ಬರುವುದಿಲ್ಲ ಅನ್ನುತ್ತಾರೆ. ಅವರು ಒಂದು ಸಲ ಅಂದದ್ದನ್ನು ಮಾಡದೆ ಬಿಟ್ಟವರಲ್ಲ. ಅಲ್ಲಿ ಅವರ ತಮ್ಮನ ಮನೆಯಲ್ಲಿ ಅವರ ಸಲುವಾಗಿ ರಾತ್ರಿ ಬಾಗಿಲು ತೆರೆದಿಡುವವರು ಯಾರು? ಇಲ್ಲಿ ನನ್ನ ತೊಟ್ಟಿಲಿನ ಹಗ್ಗ ಜಗ್ಗುವವರು ಯಾರು? ಹನಮಂತಪ್ಪನ ಕೈಕಾಲು ಹಿಡಿದೆ. “ಸಾಹೇಬ್ರ ಫೋನ್ ಬಂದ್ರ ಹಚ್ಚೂದಿಲ್ರಿ ಅಕ್ಕಾರ. ಬರದಿದ್ರ ಹಚ್ಚಬೇಕ, ನನ್ನ ನೌಕರಿ ಐತಿ” ಅಂದ. ನ್ಯಾಯವೇ.

ಪತ್ರಿಕೆಯವರು ಇದನ್ನು ಭಾನುವಾರ ಅಚ್ಚು ಮಾಡುವುದಾಗಿ ಮಾತು ಕೊಟ್ಟಿದ್ದಾರೆ. ಆ ಒಂದು ರಾತ್ರಿ ತಮ್ಮದು. ನಮ್ಮ ಊರಿಗೆ ಒಂದೇ ಫೋನು, ಹಜರತಅಲಿ ಕಾಕಾ ಅವರ ಹತ್ತಿ ಅಂಗಡಿಯಲ್ಲಿ. ಊರ ಹೆಸರು ತಮ್ಮ ಪಟ್ಟಿಯಲ್ಲೇ ಇದೆ. ಎಕ್ಸ್‌ಚೇಂಜಿನವರಿಗೆ ಹತ್ತಿ ಅಂಗಡಿ ಎಂದರೆ ಸಾಕು. ಕಾಕಾ ಆ ರಾತ್ರಿ ಅಂಗಡಿಯಲ್ಲೇ ಮಲಗುತ್ತಾರೆ. ಹೆಸರು ಹೊಡೆದೆವು ಎಂದಷ್ಟು ಹೇಳಿ ಇಟ್ಟುಬಿಡಿ. ಕೈ ಮುಗಿದು ಬೇಡುತ್ತೇನೆ, ಬಸ್ಸು ಬರುವ ಮೊದಲು, ಬೆಳಗಾಗುವ ಮೊದಲು ಫೋನ್ ಮಾಡಿ. ಎಷ್ಟು ಹೊತ್ತಾದರೂ ಸಂಕೋಚ ಬೇಡ. ನಮ್ಮ ಮನೆಯಲ್ಲಿ ಇಬ್ಬರು ಎಚ್ಚರವಾಗಿಯೇ ಇರುತ್ತೇವೆ.

ಇಂತಿ,
ತಮ್ಮ ರಿಜಿಸ್ಟರಿನ ಪ್ರಕಾರ ಇನ್ನು ಮೂರು ತಿಂಗಳಿಗೆ ಮೈದುನನ ತೊಟ್ಟಿಲು ತೂಗಬೇಕಾದ ಸೊಸೆ,
ನೀಲಕ್ಕ, ಬಿ.ಎ.
ನವಲಗುಂದ ತಾಲೂಕು, ಫೆಬ್ರುವರಿ 1986